ಡೊಂಕಿನ ಮೇಲಿನ ನೂಲು

ಫೆಬ್ರವರಿ 6, ಸೋಮವಾರ

ನಿನ್ನೆ ಬೆಳಿಗ್ಗೆ ಇವಳು ಹಡಗಿಗೆ ಹೋದಳು. ಆರು ತಿಂಗಳ ಒಪ್ಪಂದ. ಆಗಸ್ಟ್ ಐದಕ್ಕೆ ಬಿಡುಗಡೆ ಅಂತ ಕಾಗದದಲ್ಲಿದೆ. ಗಂಡ ಹಡಗಿಗೆ ಹೋಗಿ ಹೆಂಡತಿ ಕಿಟಕಿ ಹತ್ತಿರ ನಿಂತು ಕಾಯೋದು ಜನಕ್ಕೆ ಗೊತ್ತಿರೋ ಕಥೆ. ಹೆಂಡತಿ ಹಡಗಿನ ಎಂಜಿನ್ ನೋಡಿಕೊಳ್ಳೋಕೆ ಹೋಗಿ ಗಂಡ ಕಿಟಕಿ ಹತ್ತಿರ ನಿಂತರೆ ನಗ್ತಾರೆ. ಅದಕ್ಕೇ ಈ ಪುಸ್ತಕ ಕೊಂಡುಕೊಂಡೆ. ಇದರಲ್ಲಿ ಎಷ್ಟು ಹೊತ್ತು ನಿಂತರೂ ಯಾರಿಗೂ ಕಾಣಲ್ಲ.

ಮಗಳು ಅಳಲಿಲ್ಲ. ಆರು ವರ್ಷದವಳಿಗೆ ಆರು ತಿಂಗಳು ಅಂದರೆ ಏನು ಗೊತ್ತು? ಅಮ್ಮನ ಪೆಟ್ಟಿಗೆಯ ಮೇಲೆ ಕುದುರೆ ಸವಾರಿ ಮಾಡಿಕೊಂಡು ಬೀದಿ ಬಾಗಿಲವರೆಗೂ ಹೋದಳು. ಕಾರು ತಿರುವಿನಲ್ಲಿ ಮರೆಯಾದ ಮೇಲೆ, "ಪೆಟ್ಟಿಗೇನೂ ಹೋಯ್ತಾ?" ಅಂದಳು.

ಇದೇ ಕೊನೆ, ಇನ್ನು ಹಡಗು ಹತ್ತಲ್ಲ ಅಂತ ಇವಳಿಂದ ಮಾತು ತಗೋಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಡ್ರೈವರ್ ಹಾರ್ನ್ ಹೊಡೆದ. ವಾಪಸ್ಸು ಬಂದ ದಿನವೇ ಕೇಳಿಬಿಡ್ತೀನಿ.

ಹಾಸಿಗೆಯಲ್ಲಿ ಅವಳ ಕಡೆ ಮಲಗಿ ನೋಡಿದೆ. ಅಲ್ಲಿಂದ ಬಾಗಿಲು ಕಾಣುತ್ತೆ. ನನ್ನ ಕಡೆಯಿಂದ ಗೋಡೆ ಮಾತ್ರ.

ಫೆಬ್ರವರಿ 15

ಕೆಲಸದ ಬಗ್ಗೆ ಬರೀತೀನಿ, ಇಲ್ಲದಿದ್ದರೆ ಈ ಪುಸ್ತಕ ಪೂರ್ತಿ ಗೋಳಾಗುತ್ತೆ.

ನಮ್ಮ ಲ್ಯಾಬಿನ ಯಂತ್ರಕ್ಕೆ ನಾವು ಇಟ್ಟಿರೋ ಹೆಸರು ಜೇಡ. ಸಿರಿಂಜಿನಲ್ಲಿ ಪ್ಲಾಸ್ಟಿಕ್ ಕರಗಿಸ್ತೀವಿ. ಮೈಯೊಳಗೆ ಒಂದೆರಡು ವರ್ಷದಲ್ಲಿ ತಾನೇ ಕರಗಿಹೋಗೋ ಜಾತಿಯದು. ಸೂಜಿಗೂ ಕೆಳಗಿನ ತಟ್ಟೆಗೂ ನಡುವೆ ಕೆಲವು ಸಾವಿರ ವೋಲ್ಟ್ ಕೊಟ್ಟರೆ, ಸೂಜಿ ತುದಿಯ ಹನಿ ಚೂಪಾಗಿ, ಅದರಿಂದ ಕಣ್ಣಿಗೆ ಕಂಡೂ ಕಾಣದ ನೂಲು ಇಳಿಯುತ್ತೆ. ತಲೆಗೂದಲಿನ ಐದರಲ್ಲೊಂದು ಪಾಲು ದಪ್ಪ. ತಟ್ಟೆ ಸರಿಯಾದ ವೇಗದಲ್ಲಿ ಸರಿದರೆ ನೂಲು ನೆಟ್ಟಗೆ ಬೀಳುತ್ತೆ, ನಿಧಾನವಾದರೆ ಜಿಲೇಬಿ ಸುತ್ತುತ್ತೆ. ಹೀಗೆ ಅಡ್ಡ ಉದ್ದ ನಲವತ್ತು ಪದರ ಹಾಕಿದರೆ ಒಂದು ಜಾಲರಿ. ಅದರಲ್ಲಿ ಜೀವಕೋಶಗಳು ಕೂತು, ಬೆಳೆದು, ಸವೆದ ಮೊಣಕಾಲಿಗೆ ಹೊಸ ಮೃದ್ವಸ್ಥಿ ಆಗಬೇಕು.

ಚಪ್ಪಟೆ ತಟ್ಟೆಯ ಮೇಲೆ ನಮಗೆ ಸಮ ಯಾರೂ ಇಲ್ಲ. ಆದರೆ ಮೊಣಕಾಲಿನ ಮೂಳೆ ಚಪ್ಪಟೆ ಇಲ್ವಲ್ಲ. ಎರಡು ಗುಡ್ಡ, ನಡುವೆ ಕಣಿವೆ. ಅದೇ ಆಕಾರದ ಲೋಹದ ಅಚ್ಚಿನ ಮೇಲೆ ನೂಲು ಬಿಟ್ಟರೆ, ಅದು ಗುಡ್ಡದ ಕಡೆಗೇ ಎಳೆದುಕೊಂಡು ಹೋಗುತ್ತೆ. ಎತ್ತರದಲ್ಲಿ ಸೆಳೆತ ಜಾಸ್ತಿ. ಗುಡ್ಡದ ಮೇಲೆ ನೂಲಿನ ರಾಶಿ, ಕಣಿವೆ ಬೋಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ನಮ್ಮಲ್ಲಿ ನೆಲ ನಿಜವಾಗ್ಲೂ ಡೊಂಕು ಮೇಡಂ" ಅಂದೆ ಲ್ಯಾಬಿನ ಮುಖ್ಯಸ್ಥೆಗೆ. ಅವರು ನಗಲಿಲ್ಲ. "ಹಾಗಾದ್ರೆ ಡೊಂಕು ನೆಲದ ಮೇಲೆ ಕುಣಿಯೋದು ಕಲೀರಿ" ಅಂದರು. ನಾನು ಉಪಕರಣಗಳ ಮೆಕ್ಯಾನಿಕ್. ಕಲಿಯೋದು ನನ್ನ ಪಾಲಿಗೇ ಬಂತು ಅಂತ ಅರ್ಥ.

ಫೆಬ್ರವರಿ 27

ಯಾವುದೋ ಬಂದರಿನಿಂದ ಇವಳ ದನಿ ಬಂತು, ಫೋನಿನ ಸಂದೇಶವಾಗಿ. ನಲವತ್ತು ಸೆಕೆಂಡು. "ಎಂಜಿನ್ ಕೋಣೆಯಲ್ಲಿ ನಲವತ್ತೈದು ಡಿಗ್ರಿ. ನಾನು ಕರಗಿ ನಿನ್ನ ಸಿರಿಂಜಿಗೆ ಬರ್ತೀನಿ ನೋಡು" ಅಂತ ನಗ್ತಾಳೆ. ಕೊನೆಗೆ ಮಗಳಿಗೆ ಮುತ್ತು. ಆಮೇಲೆ ಎರಡು ಸೆಕೆಂಡು ಏನೂ ಇಲ್ಲ, ಬರೀ ಗಾಳಿ.

ಏಳು ಸಲ ಕೇಳಿದೆ. ಆ ಗಾಳಿಯನ್ನ ಇನ್ನೂ ಹೆಚ್ಚು ಸಲ.

ಮಾರ್ಚ್ 11

ಮಗಳ ತಲೆ ಕಾಗೆ ಗೂಡಾಗಿದೆ. ಟೀಚರು ಚೀಟಿ ಕಳಿಸಿದ್ದಾರೆ. ಶಾಲೆ ಬಿಟ್ಟ ಮೇಲೆ ಅವಳನ್ನ ನೋಡಿಕೊಳ್ಳೋದು ಪಕ್ಕದ ಬೀದಿಯಲ್ಲಿರೋ ನಮ್ಮತ್ತೆ. ಅವರು ಕತ್ತರಿ ಹಿಡಿದೇ ಬಂದರು.

"ಕೂದಲು ಕತ್ತರಿಸಿಬಿಡೋಣ ಅಳಿಯಂದ್ರೆ. ನನ್ನ ಬೆರಳಿಗೆ ಜಡೆ ಹಾಕೋ ಶಕ್ತಿ ಇಲ್ಲ, ನಿಮ್ಮ ಬೆರಳಿಗೆ ಬುದ್ಧಿ ಇಲ್ಲ."

ಮಗಳು ಮೇಜಿನ ಕೆಳಗೆ ಹೊಕ್ಕಳು. "ಅಮ್ಮ ಬರೋವರೆಗೂ ಯಾರೂ ಮುಟ್ಟಬಾರದು!"

ಹಿಡಿದು ಕೂರಿಸಿ ಬಾಚಿದೆ. ಅವಳೂ ಅತ್ತಳು, ನನಗೂ ಅಳು ಬರೋದೊಂದು ಬಾಕಿ. ಕೂದಲಿನ ಐದನೇ ಪಾಲಿನ ನೂಲನ್ನ ಪಳಗಿಸೋ ಮನುಷ್ಯ, ಕೂದಲಿಗೇ ಸೋತ. ಇವಳು ಇದನ್ನೆಲ್ಲ ನನಗೆ ಹೇಳಿಕೊಟ್ಟು ಹೋಗಬಾರದಿತ್ತಾ? ಸಿಟ್ಟು ಬಂತು. ಸಿಟ್ಟು ತೋರಿಸೋಕಾದರೂ ಎದುರಿಗೆ ಇರಬೇಕಲ್ಲ ಅವಳು.

ಮಾರ್ಚ್ 19

ಇನ್ನು ನೂರ ಮೂವತ್ತೊಂಬತ್ತು ದಿನ.

ಏಪ್ರಿಲ್ 4

ಮೂಳೆ ಡಾಕ್ಟರು ಜೇಡನನ್ನ ನೋಡೋಕೆ ಬಂದಿದ್ದರು. ನಮ್ಮ ಜಾಲರಿಯನ್ನ ಮೊದಲು ಕುರಿಗೆ, ಮುಂದೆ ಎಂದಾದರೂ ಮನುಷ್ಯರಿಗೆ ಕೂರಿಸಬೇಕಾದವರು ಅವರೇ. ಸೂಜಿಯನ್ನ ಗುಡ್ಡದ ಮೇಲಿನಿಂದ ಹಾಯಿಸ್ತಿದ್ದೆ. ಅಂತರ ಕಮ್ಮಿಯಾಗಿ ಚಟ್ ಅಂತ ಕಿಡಿ ಹಾರಿತು. ಮೂರು ತಾಸಿನ ಜಾಲರಿ ಸುಟ್ಟು ಕಪ್ಪು ಚುಕ್ಕೆ. ಡಾಕ್ಟರು ಬೆಚ್ಚಿಬಿದ್ದು ಮೇಡಂ ಕಾಲು ತುಳಿದರು.

ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒಬ್ಬ ರೋಗಿಯ ಮಾತು ಹೇಳಿದರು. ಮೂವತ್ತನಾಲ್ಕು ವರ್ಷದ ಅಂಚೆಯವಳು. ಬಿದ್ದು ಮೊಣಕಾಲಿನ ಮೃದ್ವಸ್ಥಿ ಒಂದು ನಾಣ್ಯದಷ್ಟು ಕಿತ್ತುಹೋಗಿದೆ. ಮೆಟ್ಟಿಲು ಹತ್ತಲಾರಳು. "ಕೀಲು ಪೂರ್ತಿ ಬದಲಾಯಿಸೋಕೆ ವಯಸ್ಸು ಚಿಕ್ಕದು, ಹಾಗೇ ಬಿಡೋಕೆ ಆಯಸ್ಸು ದೊಡ್ಡದು. ಬಂದಾಗೆಲ್ಲ 'ಹೊಸದು ಬಂತಾ ಡಾಕ್ಟ್ರೇ' ಅಂತ ಕೇಳ್ತಾಳೆ. ನಾನು ಇನ್ನೊಂದು ಮಾತ್ರೆ ಬರೆದುಕೊಡ್ತೀನಿ."

ಕುರಿಯ ಆಪರೇಷನ್ನಿಗೆ ಪಶು ಆಸ್ಪತ್ರೆಯಲ್ಲಿ ಸೆಪ್ಟೆಂಬರಿನಲ್ಲಿ ಜಾಗ ಸಿಕ್ಕಿದೆ. ಜುಲೈ ಒಳಗೆ ಜಾಲರಿ ಸಿದ್ಧವಾಗದಿದ್ದರೆ ಆ ಜಾಗ ಬೇರೆಯವರಿಗೆ. ಮತ್ತೆ ಒಂದೂವರೆ ವರ್ಷ ಕಾಯಬೇಕು.

ಕಾಯೋದು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏಪ್ರಿಲ್ 23, ಭಾನುವಾರ

ಹೀಗೆ ಆಯ್ತು. ಬಿಸಿಲಿಗೆ ಸ್ಟೂಲ್ ಹಾಕಿ ಮಗಳನ್ನ ಕೂರಿಸಿ ಬಾಚ್ತಿದ್ದೆ. ಈಗೀಗ ಎರಡು ಜಡೆ ಬರುತ್ತೆ ನನಗೆ, ಒಂದು ಮೇಲೆ ಒಂದು ಕೆಳಗೆ ಆದರೂ. ಬೈತಲೆ ನೆಟ್ಟಗಿರಲಿ ಅಂತ ಸ್ಟೂಲಿನ ಸುತ್ತ ಪ್ರದಕ್ಷಿಣೆ ಹಾಕ್ತಿದ್ದೆ, ಒಮ್ಮೆ ಬಗ್ಗಿ, ಒಮ್ಮೆ ತುದಿಗಾಲಲ್ಲಿ.

"ಅಪ್ಪ, ನೀನ್ಯಾಕೆ ಸುತ್ತುತೀಯ? ಅಮ್ಮ ಆದ್ರೆ ನಿಂತಲ್ಲೇ ನಿಂತಿರ್ತಾಳೆ. ನನ್ನ ತಲೇನ ತಿರುಗಿಸ್ತಾಳೆ."

ಬಾಚಣಿಗೆ ಕೈಯಲ್ಲೇ ಉಳೀತು. ಎರಡೂವರೆ ತಿಂಗಳು ನಾನು ಸೂಜಿಯನ್ನ ಗುಡ್ಡ ಹತ್ತಿಸಿ ಇಳಿಸ್ತಾ ಇದ್ದೆ. ಸೂಜಿ ನಿಂತಲ್ಲೇ ನಿಲ್ಲಲಿ. ಅಚ್ಚನ್ನ ಓಲಾಡಿಸಬೇಕು. ನೂಲು ಬೀಳೋ ಜಾಗ ಯಾವುದೋ, ಆ ಕ್ಷಣಕ್ಕೆ ಅದೇ ಮೇಲ್ಮುಖವಾಗಿ, ಸೂಜಿಯಿಂದ ಅಷ್ಟೇ ದೂರದಲ್ಲಿ ಬರೋ ಹಾಗೆ.

ಒಂದೇ ಜಡೆಯಲ್ಲಿ ಮಗಳನ್ನ ಬಿಟ್ಟು ಕಾಗದ ಹುಡುಕಿದೆ. ಇನ್ನೊಂದು ಜಡೆ ಹಾಕಿಸಿಕೊಳ್ಳೋಕೆ ಅವಳು ಮೂರು ಸಲ ಜ್ಞಾಪಿಸಬೇಕಾಯ್ತು.

ಮೇ 12

ತೊಟ್ಟಿಲು ಕಟ್ತಿದ್ದೀನಿ. ಎರಡು ಮೋಟರು, ಎರಡು ಅಚ್ಚುಕಡ್ಡಿ. ಒಂದು ಮುಂದೆ ಹಿಂದೆ ಬಾಗಿಸುತ್ತೆ, ಇನ್ನೊಂದು ಪಕ್ಕಕ್ಕೆ. ನಡುವೆ ಮೊಣಕಾಲಿನ ಅಚ್ಚು ಮಗುವಿನ ಹಾಗೆ ಮಲಗುತ್ತೆ. ಮನೆಯಲ್ಲಿ ರಟ್ಟಿನ ಮಾದರಿ ಮಾಡಿ ತೂಗ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ತೊಟ್ಟಿಲು ಮಾಡ್ತಿದ್ದೀರಿ. ನನ್ನ ಮಗಳು ನೀರಿನ ಮೇಲಿದ್ದಾಳೆ. ಯಾರ ಮಗುಗೆ ಅಂತ ಕೇಳಲಾ, ಬೇಡ್ವಾ?"

"ಕುರೀಗೆ ಅತ್ತೆ."

"ಸರಿಹೋಯ್ತು" ಅಂತ ಒಳಗೆ ಹೋದರು.

ಇವಳ ಸಂದೇಶ ಬಂದಿದೆ. ಮೂರು ನಿಮಿಷದ್ದು. ಅರ್ಧ ಕೇಳಿದೆ, ಅಷ್ಟರಲ್ಲಿ ಮಗಳು ಹಾಲು ಚೆಲ್ಲಿದಳು. ಉತ್ತರ ಕಳಿಸಬೇಕು. ನಾಳೆ.

ಮೇ 30

ಮಗಳ ಮೊದಲ ಹಲ್ಲು ಬಿತ್ತು. ಬಸ್ಸಿನಲ್ಲಿ! ನನ್ನ ಅಂಗೈಗೆ ಉಗುಳಿ, "ಇದು ನಿಂದು, ಇಟ್ಕೋ" ಅಂದಳು. ಪಕ್ಕದ ಸೀಟಿನಾತ ಮುಖ ತಿರುಗಿಸಿದ. ಸ ಅನ್ನೋಕೆ ಹೋದರೆ ತ ಬರುತ್ತೆ ಈಗ. "ತುಮ್ನಿರಪ್ಪ ತುಮ್ನಿರು." ನಾವಿಬ್ಬರೂ ಮನೆ ಮುಟ್ಟೋವರೆಗೂ ಹಾಗೇ ಮಾತಾಡಿದೆವು.

ಜೂನ್ 2

ಹಲ್ಲಿನ ವಿಷಯ ಇವಳಿಗೆ ಹೇಳೋದೇ ಮರೆತಿದ್ದೆ. ಇವತ್ತು ಹೇಳಿದೆ.

ಜೂನ್ 21

ಬಿತ್ತು! ನಲವತ್ತು ಪದರ. ಗುಡ್ಡದ ಮೇಲೂ ಅದೇ ಜಾಲರಿ, ಕಣಿವೆಯಲ್ಲೂ ಅದೇ. ಮೊದಲಿನ ಪದರಗಳು ವಿದ್ಯುತ್ತನ್ನ ಹಿಡಿದಿಟ್ಟುಕೊಂಡು ಹೊಸ ನೂಲನ್ನ ತಳ್ಳುತ್ತವೆ, ಅದಕ್ಕೆ ಪದರಕ್ಕಿಷ್ಟು ಅಂತ ವೋಲ್ಟೇಜು ಏರಿಸ್ತಾ ಹೋಗಬೇಕಾಯ್ತು. ಗಾಳಿ ಬರುತ್ತೆ ಅಂತ ಎಸಿ ನಿಲ್ಲಿಸಿ, ಬಾಗಿಲು ಹಾಕಿ, ಬೆವರು ಸುರಿಸಿಕೊಂಡು ನಾನೂ ಮೇಡಮ್ಮೂ ಐದು ತಾಸು ಕೂತಿದ್ದೆವು. ಮೇಡಂ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ನೋಡಿದರು.

"ಹೇಗೆ ಹೊಳೀತು ನಿಮಗೆ ಇದು?"

"ಮಗಳ ತಲೆ ಬಾಚ್ತಾ ಮೇಡಂ."

"ವರದಿಯಲ್ಲಿ ಹಾಗೆ ಬರೆಯೋಕಾಗಲ್ಲ" ಅಂದರು. ಈ ಸಲ ನಕ್ಕರು.

ಅಂಚು ಹರಿದ ಹಳೇ ಜಾಲರಿಯೊಂದನ್ನ ಡಬ್ಬಿಯಲ್ಲಿಟ್ಟುಕೊಂಡು ಶಾಲೆಗೇ ಓಡಿದೆ. ಮಗಳು ಅದನ್ನ ಕಣ್ಣಿಗೆ ಹಿಡಿದು ಸೂರ್ಯನನ್ನ ನೋಡಿದಳು. "ಇರುವೆಗಳ ಜರಡಿ" ಅಂದಳು. ಮಗಳಿಗೇ ಮೊದಲು ತೋರಿಸಬೇಕು ಅಂತಲೇ ಇತ್ತು.

ಜುಲೈ 29

ಇವಳ ಜಾಗಕ್ಕೆ ಬರಬೇಕಾದ ಎಂಜಿನಿಯರಿಗೆ ಹುಷಾರಿಲ್ಲ. ಎರಡು ವಾರ ತಡ. ಆಗಸ್ಟ್ ಹತ್ತೊಂಬತ್ತಕ್ಕೆ ಬರ್ತಾಳೆ. ಸರಿ, ಎರಡೇ ವಾರ ತಾನೆ.

ಅತ್ತೆ ನನ್ನ ಮುಖ ನೋಡಿದರು. "ಫೆಬ್ರವರಿಯಲ್ಲಾಗಿದ್ರೆ ಮನೇನ ತಲೆ ಮೇಲೆ ಹೊತ್ಕೋತಿದ್ರಿ" ಅಂದರು. ಯಾಕೆ ಹಾಗಂದರೋ.

ಆಗಸ್ಟ್ 20

ಇವಳು ನಿನ್ನೆ ಬಂದಳು. ತೆಳ್ಳಗಾಗಿದ್ದಾಳೆ, ಬಲಗೈ ಮೇಲೆ ಹೊಸ ಸುಟ್ಟ ಗಾಯ. ಬಾಗಿಲಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದಳು. ಮಗಳು ನನ್ನ ಕಾಲ ಹಿಂದೆ ಸರಿದು, ಪ್ಯಾಂಟು ಹಿಡಿದುಕೊಂಡು, ಅಲ್ಲಿಂದಲೇ ಕೇಳಿದಳು:

"ಅಮ್ಮ, ನೀವು ಹಾಲು ಕುಡೀತೀರಾ?"

ನೀವು. ಕುಡೀತೀರಾ. ಮನೆಗೆ ಬಂದ ದೊಡ್ಡವರನ್ನ ಹಾಗೆ ಮಾತಾಡಿಸಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ.

ಇವಳು ಚಾಚಿದ ಕೈಯನ್ನ ಹೇಗೆ ವಾಪಸ್ಸು ತಗೊಳ್ಳೋದು ಅಂತ ತಿಳಿಯದೆ, ಪಕ್ಕದಲ್ಲಿದ್ದ ಪೆಟ್ಟಿಗೆಯ ಬೀಗಕ್ಕೆ ಹಾಕಿದಳು. "ಕುಡೀತೀನಮ್ಮ" ಅಂದಳು.

ಆಗಸ್ಟ್ 27

ಒಂದು ವಾರವಾಯ್ತು. ಮಗಳು ಒಳ್ಳೆಯವಳಾಗಿಬಿಟ್ಟಿದ್ದಾಳೆ, ಅದೇ ಕಷ್ಟ. ಕರೆದರೆ ಬರ್ತಾಳೆ. ಮುತ್ತು ಕೇಳಿದರೆ ಕೊಟ್ಟು ಹೋಗ್ತಾಳೆ. ಏನಾದರೂ ಬೇಕಿದ್ದರೆ ಮಾತ್ರ ನನ್ನ ಕಿವಿಗೆ. "ಅಪ್ಪ, ಅವರಿಗೆ ಹೇಳು, ನಂಗೆ ಮೊಟ್ಟೆಯ ಹಳದಿ ಸೇರಲ್ಲ." ಇವಳು ಎರಡು ಹೆಜ್ಜೆ ಆಚೆ, ಮೊಟ್ಟೆ ಸುಲೀತಾ ಇರ್ತಾಳೆ.

ನಾನು ಹೇಳ್ತೀನಿ. ಅದನ್ನ ಇವಳು ಕೇಳ್ತಾಳೆ. ಹಳದಿ ತೆಗೀತಾಳೆ.

ಇವತ್ತು ಅಡುಗೆಮನೆಯಲ್ಲಿ ತಟ್ಟೆ ಒರೆಸ್ತಾ ಇವಳು ನನ್ನ ಕಡೆ ತಿರುಗದೆ ಅಂದಳು: "ಚಮಚ ಎಲ್ಲಿಟ್ಟಿದ್ದೀಯ ಅಂತ ಕೇಳಬೇಕು ನಾನು. ನನ್ನ ಮನೇಲಿ. ಸಮುದ್ರದ ಮೇಲೆ ಪ್ರತಿದಿನ ಈ ಅಡುಗೆಮನೆಗೆ ಬರ್ತಿದ್ದೆ ಗೊತ್ತಾ? ಕಣ್ಣು ಮುಚ್ಚಿಕೊಂಡು ಚಮಚ ತೆಗೀತಿದ್ದೆ. ಈಗ ಬಂದು ನೋಡಿದ್ರೆ ಎಲ್ಲ ಬೇರೆ ಕಡೆ ಇದೆ."

"ಅವಳ ಕೈಗೆ ಎಟುಕಲಿ ಅಂತ ಕೆಳಗಿಟ್ಟೆ."

"ಒಳ್ಳೇದೇ ಮಾಡಿದೆ. ಅದಕ್ಕೇ ಬೈಯೋಕೂ ಆಗಲ್ಲ." ತಟ್ಟೆ ಒಣಗಿಹೋಗಿತ್ತು, ಇನ್ನೂ ಒರೆಸ್ತಿದ್ದಳು. "ನಾನು ಇನ್ನು ಹಡಗು ಹತ್ತಲ್ಲ. ಕೆಲಸ ಬಿಡ್ತೀನಿ."

ಆರು ತಿಂಗಳು ಈ ಒಂದು ಮಾತಿಗೆ ಕಾದಿದ್ದೆ. ಕೇಳಿಸಿಕೊಂಡ ಮೇಲೆ ನಾನು ಅಂದದ್ದೇನು? "ಸೋತ ಸಿಟ್ಟಿನಲ್ಲಿ ಬಿಡಬೇಡ. ಆ ಎಂಜಿನ್ ಅಂದ್ರೆ ನಿನಗೆ ಪ್ರಾಣ. ಮೊದಲು ಮನೆಗೆ ಬಾ, ಆಮೇಲೆ ನೋಡೋಣ."

"ಬಂದಿದ್ದೀನಲ್ಲ" ಅಂದಳು.

ನಾನು ಯಾಕೆ ಹಾಗಂದೆನೋ ನನಗೇ ತಿಳೀತಿಲ್ಲ.

ಸೆಪ್ಟೆಂಬರ್ 3

ಜಾಲರಿಗಳನ್ನ ಪಶು ಆಸ್ಪತ್ರೆಗೆ ತಗೊಂಡು ಹೋಗೋಕೆ ಒಬ್ಬರು ಬೇಕು. ಬಸ್ಸಿನಲ್ಲಿ ಎಂಟು ತಾಸಿನ ದಾರಿ, ಆರು ದಿನದ ಕೆಲಸ. "ನೀವು ಬೇಡ, ನಿಮ್ಮನೆಯವರು ಈಗಷ್ಟೇ ಬಂದಿದ್ದಾರೆ. ಬೇರೆಯವರನ್ನ ಕಳಿಸ್ತೀನಿ" ಅಂದರು ಮೇಡಂ. ನಾನೇ ಹೋಗ್ತೀನಿ ಅಂದೆ.

ಮನೆಯಲ್ಲಿ ಹೇಳಿದಾಗ ಮಗಳು ಊಟ ಬಿಟ್ಟು ಎದ್ದಳು. ಇವಳು ಬಂದ ಮೇಲೆ ಮಗಳನ್ನ ಇವಳ ಹತ್ತಿರ ಬಿಟ್ಟು ಹೋಗ್ತಿರೋದು ಇದೇ ಮೊದಲ ಸಲ. ಇವಳು ನನ್ನನ್ನೇ ನೋಡಿದಳು.

"ಬೇಕಂತಲೇ ಹೋಗ್ತಿದ್ದೀಯಾ?"

"ಕುರಿ ಆಪರೇಷನ್."

"ಸುಳ್ಳು ಹೇಳೋಕೆ ಬರಲ್ಲ ನಿನಗೆ." ಮಗಳು ಬಿಟ್ಟುಹೋದ ತಟ್ಟೆ ಎತ್ತಿಕೊಂಡು, "ಅವಳು ಒಂದೇ ಸಮ ಅತ್ತರೆ ನಾನೇನು ಮಾಡಲಿ? ನನಗೆ ಭಯ ಆಗುತ್ತೆ" ಅಂದಳು. ಮೂರಾಳೆತ್ತರದ ಎಂಜಿನ್ನಿಗೆ ಹೆದರದವಳು.

"ನಾನು ಮಾಡಿದ್ದನ್ನೇ ಮಾಡು. ನಾನೂ ಜೊತೇಲಿ ಅಳ್ತಿದ್ದೆ."

ಸೆಪ್ಟೆಂಬರ್ 7

ಆಪರೇಷನ್ ಆಯ್ತು. ಕುರಿಯ ಮೊಣಕಾಲಿನ ಮೂಳೆ ನಮ್ಮ ಅಚ್ಚಿನಷ್ಟು ನುಣುಪಲ್ಲ, ಆದರೂ ಡಾಕ್ಟರು ಜಾಲರಿಯನ್ನ ಇಕ್ಕುಳದಿಂದ ಇಳಿಸಿ ಬೆರಳಲ್ಲಿ ಒತ್ತಿದಾಗ ಅದು ತಾನಾಗಿ ಕೂತುಕೊಂಡಿತು. ಸುಕ್ಕಿಲ್ಲ, ಅಂಚು ಏಳಲಿಲ್ಲ. "ಇಲ್ಲೇ ಹುಟ್ಟಿದ ಹಾಗಿದೆ" ಅಂದರು ಡಾಕ್ಟರು. ಫಲ ಗೊತ್ತಾಗೋದು ಆರು ತಿಂಗಳ ಮೇಲೆ. ಅಂಚೆಯವಳಿಗೆ ಅದಕ್ಕೂ ಎಷ್ಟೋ ವರ್ಷದ ಮೇಲೆ. ಆದರೂ ಅವರು ಆಸ್ಪತ್ರೆಯ ಅಂಗಳದಲ್ಲಿ ನಿಂತು ಅವಳಿಗೇ ಫೋನು ಮಾಡಿದರು ಅನಿಸುತ್ತೆ. "ಇಲ್ಲಮ್ಮ, ಇನ್ನೂ ಬಂದಿಲ್ಲ. ಆದ್ರೆ ಹೊರಟಿದೆ" ಅನ್ನೋದು ಕೇಳಿಸಿತು.

ನಾನು ಮನೆಗೆ ಫೋನು ಮಾಡಿಲ್ಲ, ಬಂದು ಮುಟ್ಟಿದ್ದೀನಿ ಅಂತ ಬರೆದು ಕಳಿಸಿದ್ದು ಬಿಟ್ಟರೆ. ಮಾಡಿದರೆ ಮಗಳು ಎಲ್ಲವನ್ನೂ ನನ್ನ ಕಿವಿಗೇ ಹೇಳ್ತಾಳೆ. ಎಷ್ಟು ಸಲ ಫೋನು ತೆಗೆದೆನೋ, ಅಷ್ಟು ಸಲ ಜೇಬಿಗೆ ಹಾಕಿದೆ. ಈ ಅತಿಥಿಗೃಹದ ಕೋಣೆಯಲ್ಲಿ ಎರಡು ಮಂಚ ಇವೆ. ಇನ್ನೊಂದರ ಮೇಲೆ ನನ್ನ ಚೀಲ ಇಟ್ಟಿದ್ದೀನಿ, ಖಾಲಿ ಕಾಣದಿರಲಿ ಅಂತ. ಮೊದಲು ಒಬ್ಬಳಿಗಾಗಿ ಜೀವ ಎಳೀತಿತ್ತು. ಈಗ ಇಬ್ಬರಿಗಾಗಿ ಎಳೀತಿದೆ. ಒಳ್ಳೇ ವ್ಯಾಪಾರ.

ಸೆಪ್ಟೆಂಬರ್ 10, ಭಾನುವಾರ

ಮಧ್ಯಾಹ್ನ ಬಸ್ಸಿಳಿದು ಮೆಟ್ಟಿಲು ಹತ್ತಿದೆ. ಬಾಗಿಲ ಹೊರಗೇ ಗಲಾಟೆ ಕೇಳಿಸ್ತಿತ್ತು.

"ನೀನು ಕೆಟ್ಟೋಳು! ಬೇಡ ಅಂದ್ರೂ ಸೋಪು ಹಾಕ್ತೀಯ! ಕಣ್ಣು ಉರೀತಿದೆ!"

"ಉರೀಲಿ! ಎರಡು ದಿನದಿಂದ ಸ್ನಾನ ಇಲ್ಲ, ಹಂದಿಮರಿ ಥರ ಇದ್ದೀಯ. ಬಾ ಇಲ್ಲಿ!"

"ಬರಲ್ಲ! ನೀನು ಯಾವಾಗ್ಲೂ ಹೀಗೇ!"

"ನೀನೂ ಯಾವಾಗ್ಲೂ ಹೀಗೇ!"

ಒದ್ದೆ ಕಾಲಿನ ಓಟದ ಸದ್ದು. ಏನೋ ಬಿತ್ತು, ಬಕೆಟ್ಟಿರಬೇಕು. ಮಗಳು ಗಂಟಲು ಕಿತ್ತುಹೋಗೋ ಹಾಗೆ ಕಿರುಚಿದಳು. ಇವಳು ಅದಕ್ಕಿಂತ ಜೋರು. ಎಂಜಿನ್ ಸದ್ದಿನ ನಡುವೆ ಕೂಗಿ ಪಳಗಿದ ದನಿ ಅದು.

ನಾನು ಬೆಲ್ಲಿಗೆ ಎತ್ತಿದ ಕೈ ಇಳಿಸಿ, ಮೆಟ್ಟಿಲ ಮೇಲೆ ಚೀಲ ಇಟ್ಟು ಕೂತೆ. ಅಷ್ಟರಲ್ಲಿ ಅತ್ತೆ ಬ್ರೆಡ್ಡು ಹಿಡಿದುಕೊಂಡು ಏದುಸಿರು ಬಿಡ್ತಾ ಹತ್ತಿ ಬಂದರು.

"ಇದೇನು ಅಳಿಯಂದ್ರೆ, ಹೊರಗೆ ಕೂತಿದ್ದೀರಿ? ಒಳಗೆ ಹೋಗಿ ಬಿಡಿಸಬಾರದಾ?"

"ಕೇಳಿಸಿಕೊಳ್ಳಿ ಅತ್ತೆ. ನೀನು ಅಂತಿದ್ದಾಳೆ."

ಅತ್ತೆ ಕಿವಿಗೊಟ್ಟರು. ಆಮೇಲೆ ಗೋಡೆ ಹಿಡಿದು ನನ್ನ ಪಕ್ಕ ಕೂತರು. ಬ್ರೆಡ್ಡಿನ ಪೊಟ್ಟಣ ಬಿಚ್ಚಿ ನನಗೊಂದು ಚೂರು ಕೊಟ್ಟು, ತಾವೊಂದು ತಗೊಂಡರು. ಒಳಗೆ ಈಗ ಇಬ್ಬರೂ ಅಳ್ತಿದ್ದರು. ಯಾರದು ಯಾವ ಅಳು ಅಂತ ಗೊತ್ತಾಗ್ತಿರಲಿಲ್ಲ.

ಒಳಗೆ ಹೋಗಬೇಕು ಅಂತ ಜೀವ ಬಡ್ಕೊಳ್ತಿತ್ತು. ಬ್ರೆಡ್ಡು ಮುಗಿಯೋವರೆಗೂ ಕೂತೆ. ಮುಗಿದ ಮೇಲೂ ಬೆಲ್ ಒತ್ತಲಿಲ್ಲ.